ಹೊಟ್ಟೆ ಚಿಕ್ಕದಾಯ್ತು, ಬಾಯಿ ಚಿಕ್ಕದಾಗಬೇಕಲ್ಲ!

ದಾವಣಗೆರೆ ಮಂಡಿಪೇಟೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಚಹಾದ ಹುಡುಗ ಕೆಟಲ್ ಹಿಡಿದು ಹೊರಟನೆಂದರೆ ಸಾಲಿನ ಒಂದು ಅಂಗಡಿಯನ್ನೂ ಬಿಡುವುದಿಲ್ಲ. ಬೇಕೋ ಬೇಡವೋ ಎಂದು ಕೇಳುವ ಪದ್ಧತಿಯೇ ಇಲ್ಲ. ಲೋಟ ಇಟ್ಟ, ಸುರಿದ, ಮುಂದಕ್ಕೆ ಹೋದ. ಲೆಕ್ಕ ತಿಂಗಳ ಕೊನೆಗೆ. ಆದರೆ ಒಂದು ಕಿರಾಣಿ ಸಗಟು ಅಂಗಡಿಯ ಮುಂದೆ ಮಾತ್ರ 2024ರ ದೀಪಾವಳಿಯಿಂದ ಈಚೆಗೆ ಆ ಹುಡುಗ ನಿಲ್ಲುವುದಿಲ್ಲ. ಗಲ್ಲಾದ ಮೇಲೆ ಕೂತ ಸಾಹುಕಾರರು ದೂರದಿಂದಲೇ ಕೈ ಅಡ್ಡ ಮಾಡುತ್ತಾರೆ. ಹುಡುಗ ನಕ್ಕು ಪಕ್ಕದ ಅಂಗಡಿಗೆ ಹೋಗುತ್ತಾನೆ.

ಆ ಕೈ ಅಡ್ಡ ಮಾಡುವುದನ್ನು ಕಲಿಯಲು ಸಾಹುಕಾರರಿಗೆ ಒಂದು ಆಪರೇಷನ್ನು, ನಾಲ್ಕು ಲಕ್ಷ ರೂಪಾಯಿ ಮತ್ತು ಮೂರು ವರ್ಷ ಹಿಡಿಯಿತು!

“ಹೆಸರು ಹಾಕೋದು ಬ್ಯಾಡ ಕಣ್ರೀ, ಮಗಳ ಮದುವೆ ಮಾಡೋದೈತಿ” ಎಂಬುದು ಅವರ ಒಂದೇ ಷರತ್ತು. ಆದ್ದರಿಂದ ಇಲ್ಲಿ ಸಾಹುಕಾರರು ಎಂದರೆ ಸಾಕು. ವಯಸ್ಸು 47. ಎತ್ತರ ಐದೂವರೆ ಅಡಿ. 2021ರ ಆಗಸ್ಟಿನಲ್ಲಿ ಅವರ ತೂಕ 128 ಕೆ.ಜಿ. ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ತಾವೇ ನಿಂತು ನೋಡಿಕೊಂಡ ತೂಕ ಅದು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು. ಅಂಗಡಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಮೈಯೆಲ್ಲ ಬೆವರು.

ಪೇಟೆಯ ಪಿಸುಮಾತು

ಅಂಥ ಮನುಷ್ಯ 2022ರ ಡಿಸೆಂಬರ್ ಹೊತ್ತಿಗೆ 82 ಕೆ.ಜಿ.ಗೆ ಇಳಿದರೆ ಪೇಟೆ ಸುಮ್ಮನಿರುತ್ತದೆಯೇ? “ದೊಡ್ಡ ಕಾಯಿಲೆಯಂತೆ” ಎಂದರು ಕೆಲವರು. “ಸಾಲ ಜಾಸ್ತಿ ಆಗೈತಂತೆ, ಕೊರಗಿನಿಂದ ಕರಗಿ ಹೋದ್ರು” ಎಂದರು ಇನ್ನು ಕೆಲವರು. ಉದ್ರಿ ಕೊಟ್ಟಿದ್ದ ಇಬ್ಬರು ಹೋಲ್‌ಸೇಲ್ ವ್ಯಾಪಾರಿಗಳು ಬಾಕಿ ವಸೂಲಿಗೆ ಅವಸರ ಮಾಡಿದ್ದೂ ಉಂಟು!

ನಿಜ ಸಂಗತಿ ಏನೆಂದರೆ ಸಾಹುಕಾರರು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೇರಿಯಾಟ್ರಿಕ್ ಸರ್ಜರಿ, ಅಂದರೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನು ಮಾಡಿಸಿಕೊಂಡು ಬಂದಿದ್ದರು. ಪೇಟೆಯಲ್ಲಿ ಯಾರಿಗೂ ಹೇಳಲಿಲ್ಲ. “ತಿನ್ನೋದು ಬಿಡಾಕೆ ಆಗದೆ ಹೊಟ್ಟೆ ಕೊಯ್ಸಿಕಂಡ ಅಂತ ನಗ್ತಾರೆ” ಎಂಬ ನಾಚಿಕೆ.

ನಾಚಿಕೆ ಪಡುವ ಕಾರಣವೇ ಇಲ್ಲ ಎನ್ನುತ್ತದೆ ಇವತ್ತಿನ ವೈದ್ಯಶಾಸ್ತ್ರ. ಅತಿ ಬೊಜ್ಜು ಎಂಬುದು ಸೋಮಾರಿತನವಲ್ಲ, ಅದೊಂದು ಕಾಯಿಲೆ. ವಂಶ, ಹಾರ್ಮೋನು, ಊಟ, ನಿದ್ದೆ, ಕೂತು ಮಾಡುವ ಕೆಲಸ, ಎಲ್ಲವೂ ಸೇರಿ ಬರುವಂಥದ್ದು. ಒಮ್ಮೆ ಅಷ್ಟು ತೂಕ ಏರಿದ ಮೇಲೆ ಬರೀ ಪಥ್ಯದಿಂದ ಇಳಿಸಿ, ಇಳಿದದ್ದನ್ನು ಹಾಗೇ ಉಳಿಸಿಕೊಳ್ಳುವವರು ಕಡಿಮೆ. ಮೈ ತಾನೇ ಹಸಿವು ಹೆಚ್ಚಿಸಿ, ಖರ್ಚು ಕಡಿಮೆ ಮಾಡಿ, ಹಳೇ ತೂಕಕ್ಕೆ ಎಳೆದುಕೊಂಡು ಹೋಗುತ್ತದೆ.

ಏನಿದು ಆಪರೇಷನ್ನು?

ಹೊಟ್ಟೆಯ ಕೊಬ್ಬು ಕೊಯ್ದು ತೆಗೆಯುತ್ತಾರೆ ಎಂದು ತಿಳಿದವರೇ ಜಾಸ್ತಿ. ತಪ್ಪು. ಕೊಬ್ಬಿನ ತಂಟೆಗೇ ಹೋಗುವುದಿಲ್ಲ. ಕತ್ತರಿ ಬೀಳುವುದು ಜಠರಕ್ಕೆ. ಹೆಚ್ಚಾಗಿ ಮಾಡುವುದು ಎರಡು ಬಗೆ.

ಒಂದು, ಸ್ಲೀವ್. ಜಠರವನ್ನು ಉದ್ದಕ್ಕೆ ಕತ್ತರಿಸಿ ಮುಕ್ಕಾಲು ಪಾಲಿಗಿಂತ ಹೆಚ್ಚು ತೆಗೆದು ಹಾಕುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಎರಡನೆಯದು, ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ಕೋಳಿಮೊಟ್ಟೆಗಿಂತ ಸಣ್ಣದಾದ ಒಂದು ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ತಂದು ಜೋಡಿಸುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಸಾಹುಕಾರರಿಗೆ ಮಾಡಿದ್ದು ಈ ಎರಡನೆಯದನ್ನು.

ಇದು ನಿನ್ನೆ ಮೊನ್ನೆಯ ಕಸುಬಲ್ಲ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಲ್ಲಿ ಡಾ. ಎಡ್ವರ್ಡ್ ಮೇಸನ್ ಮತ್ತು ಡಾ. ಚಿಕಾಶಿ ಇಟೊ ಮೊದಲ ಬೈಪಾಸ್ ಮಾಡಿದ್ದು 1966ರಲ್ಲಿ. ಆಗ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಿತ್ತು. ಈಗ ಐದಾರು ಸಣ್ಣ ತೂತು ಮಾಡಿ, ಕ್ಯಾಮರಾ ಇಳಿಸಿ, ಟಿ.ವಿ. ನೋಡಿಕೊಂಡು ಮಾಡುತ್ತಾರೆ.

ಚಮತ್ಕಾರ ಇರುವುದು ಬರೀ ಅಳತೆಯಲ್ಲಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಬೈಪಾಸ್ ಆದ ಮೇಲೆ ಕರುಳಿನಿಂದ ‘ಸಾಕು’ ಎಂಬ ಸುದ್ದಿ ಬೇಗ ತಲೆಗೆ ಮುಟ್ಟುತ್ತದೆ. ಎಷ್ಟೋ ಮಂದಿಗೆ ತೂಕ ಇಳಿಯುವ ಮೊದಲೇ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ. ಸಾಹುಕಾರರು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲೇ ಡಾಕ್ಟರು ಇನ್ಸುಲಿನ್ ನಿಲ್ಲಿಸಿದ್ದರು.

ಚಮಚದ ಲೆಕ್ಕ

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ನಿಜವಾದ ಆಪರೇಷನ್ನು! ಮೊದಲ ಎರಡು ವಾರ ನೀರಿನಂಥದ್ದೇ: ತಿಳಿ ಸಾರು, ಮಜ್ಜಿಗೆ, ಬೇಳೆ ಕಟ್ಟು, ಪ್ರೋಟೀನ್ ಪುಡಿ ಕದಡಿದ ಹಾಲು. ಅದೂ ಗಟಗಟ ಕುಡಿಯುವಂತಿಲ್ಲ. ಗುಟುಕು, ಮತ್ತೆ ಗುಟುಕು. ಆಮೇಲೆ ಎರಡು ವಾರ ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ್ದು. ಆಮೇಲೆ ಮೆತ್ತಗೆ ಬೆಂದದ್ದು. ಎಲ್ಲರಂತೆ ಗಟ್ಟಿ ಊಟಕ್ಕೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

“ಎಂಟು ರೊಟ್ಟಿ ಉಣ್ಣೋರು ಮೂರು ಚಮಚ ಬ್ಯಾಳಿಗೆ ಸಾಕು ಅಂತಿದ್ರು. ನನಗೆ ಅಡಿಗೆ ಮನಿಯಾಗ ನಿಂತು ಅಳು ಬರ್ತಿತ್ತು” ಎನ್ನುತ್ತಾರೆ ಅವರ ಮನೆಯವರು. ಅತ್ತೆಯ ಕಡೆಯಿಂದ ದಿನಾ ಬೈಗುಳ ಬೇರೆ: “ನನ್ನ ಮಗನ್ನ ಉಪವಾಸ ಕೆಡವೀರಿ!”

ಡಾಕ್ಟರು ಬರೆದುಕೊಟ್ಟ ನಿಯಮಗಳನ್ನು ಮನೆಯವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ತುತ್ತು ಸಣ್ಣದಿರಲಿ, ಇಪ್ಪತ್ತು ಮೂವತ್ತು ಸಲ ಅಗಿಯಿರಿ. ಊಟಕ್ಕೆ ಅರ್ಧ ಗಂಟೆ ಹಿಡಿಯಲಿ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಆದರೆ ಇಡೀ ದಿನದಲ್ಲಿ ಒಂದೂವರೆ ಲೀಟರಿಗೆ ಕಡಿಮೆಯಾಗದಿರಲಿ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಜಾಗ ಉಳಿದರೆ ಮಾತ್ರ ಅನ್ನ ರೊಟ್ಟಿ. ಸೋಡಾ ಬೇಡ. ಸಕ್ಕರೆ ಬೇಡ. ಹೊಟ್ಟೆ ತುಂಬಿತು ಅನ್ನಿಸಿದ ಕೂಡಲೇ ಕೈ ತೊಳೆಯಿರಿ. ಇನ್ನೊಂದೇ ತುತ್ತು ಎಂದರೆ ಅದು ವಾಂತಿಯ ತುತ್ತು.

ಗೆದ್ದ ವರ್ಷ, ಬಿಟ್ಟ ಮಾತ್ರೆ

ಮೊದಲ ವರ್ಷ ಎಲ್ಲವೂ ಅಂದುಕೊಂಡಂತೆ ನಡೆಯಿತು. ತಿಂಗಳಿಗೆ ಮೂರು ನಾಲ್ಕು ಕೆ.ಜಿ. ಇಳಿಕೆ. ಅಂಗಿ ಹೊಲಿಸಿದ್ದೇ ಹೊಲಿಸಿದ್ದು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ರಾತ್ರಿ ಗಡದ್ದು ನಿದ್ದೆ. ಒಟ್ಟು 46 ಕೆ.ಜಿ. ಹೋಯಿತು. ಹತ್ತಿರ ಹತ್ತಿರ ಒಂದು ಅಕ್ಕಿ ಮೂಟೆ!

ಗೆದ್ದವನಿಗೆ ಸೊಕ್ಕು ಬರುವುದು ಸಹಜ. “ಗಟ್ಟಿ ಆಗೇನಿ, ಇನ್ನ ಗುಳಿಗಿ ಯಾಕೆ?” ಎಂದು ಸಾಹುಕಾರರು ಎಲ್ಲ ಮಾತ್ರೆಗಳನ್ನೂ ಬಿಟ್ಟರು. ಆರು ತಿಂಗಳಿಗೊಮ್ಮೆ ಬರಬೇಕೆಂದಿದ್ದ ಬೆಂಗಳೂರಿಗೂ ಹೋಗಲಿಲ್ಲ. ಬಸ್ಸಿಗೆ ಒಂದು ದಿನ, ಅಂಗಡಿ ಬಂದ್ ಒಂದು ದಿನ, ಯಾರಿಗೆ ಬೇಕು?

2024ರ ಬೇಸಿಗೆ. ಗಿರಾಕಿಯೊಬ್ಬರ ಜೊತೆ ಮಾತಾಡುತ್ತ ಗೋದಾಮಿನ ತನಕ ಹೋಗಿ ಬಂದರು. ಹಿಂದಿನಿಂದ ಹಮಾಲಿಯೊಬ್ಬ ಓಡಿ ಬಂದ. ಅವನ ಕೈಯಲ್ಲಿ ಸಾಹುಕಾರರ ಎಡಗಾಲಿನ ಚಪ್ಪಲಿ. “ಸಾವ್ಕಾರ್ರ, ಇದು ಅಲ್ಲೇ ಬಿಟ್ಟು ಬಂದೀರಿ!” ಬಿಸಿ ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆದು ಬಂದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮುಂದಿನ ವಾರ ಅದೇ ಮೆಟ್ಟಿಲಲ್ಲಿ ಕಾಲು ನಿಲ್ಲದೆ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ.

ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ-12 ತಳ ಕಂಡಿತ್ತು. ಕಾಲಿನ ನರಗಳು ಸೊರಗಿದ್ದವು.

ಇದರ ಲೆಕ್ಕ ವ್ಯಾಪಾರಸ್ಥರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಊಟದಲ್ಲಿರುವ ಬಿ-12 ಮೈಗೆ ಹತ್ತಲು ಜಠರದ ರಸ ಬೇಕು. ಬೈಪಾಸ್ ಆದವರಲ್ಲಿ ಊಟಕ್ಕೂ ಆ ರಸಕ್ಕೂ ಸರಿಯಾಗಿ ಭೇಟಿಯೇ ಇಲ್ಲ. ಆದರೆ ಯಕೃತ್ತಿನ ಗೋದಾಮಿನಲ್ಲಿ ಹಳೇ ಸ್ಟಾಕು ಇರುತ್ತದೆ. ಅದು ಮುಗಿಯುವ ತನಕ, ಅಂದರೆ ವರ್ಷ ಎರಡು ವರ್ಷ, ಏನೂ ಗೊತ್ತಾಗುವುದಿಲ್ಲ. ಹೊಸ ಮಾಲು ಬರುತ್ತಿಲ್ಲ ಎಂದು ತಿಳಿಯುವುದು ಗೋದಾಮು ಖಾಲಿಯಾದ ದಿನ. ಶಾಕಾಹಾರಿಗಳಿಗಂತೂ ಮೊದಲೇ ಸ್ಟಾಕು ಕಡಿಮೆ.

ಸಾಹುಕಾರರಿಗೆ ಇಂಜೆಕ್ಷನ್ ಶುರುವಾಯಿತು. ಕೆಲವು ತಿಂಗಳಲ್ಲಿ ಕಾಲಿಗೆ ನೆಲ ಸಿಕ್ಕಿತು. ಆದರೆ ಎಡಗಾಲಿನ ಹೆಬ್ಬೆರಳಿನ ಜೋಮು ಹೋಗಿಲ್ಲ. “ಅದು ನನಗೆ ಬಿದ್ದ ದಂಡ” ಎನ್ನುತ್ತಾರೆ.

ಎರಡನೇ ಕಿರ್ದಿ

ಅದೇ ದಿನ ಆಸ್ಪತ್ರೆಯ ತಕ್ಕಡಿ ಇನ್ನೊಂದು ಸುದ್ದಿ ಹೇಳಿತು: 95 ಕೆ.ಜಿ. ಹೋದ 46ರಲ್ಲಿ 13 ವಾಪಸು ಬಂದಿತ್ತು! ಸಕ್ಕರೆಯೂ ಏರುತ್ತಿತ್ತು.

“ಊಟ ಅಂತೂ ಇಷ್ಟೇ ಕಣ್ರೀ, ಒಂದು ಬಟ್ಟಲು” ಎಂದು ಸಾಹುಕಾರರು ಪ್ರಮಾಣ ಮಾಡಿದರು. ಸುಳ್ಳಲ್ಲ, ಊಟ ಒಂದು ಬಟ್ಟಲೇ. ಹಾಗಾದರೆ ತೂಕ ಎಲ್ಲಿಂದ ಬಂತು?

ಆಹಾರದ ಮೇಡಂ ವಾದ ಮಾಡಲಿಲ್ಲ. “ಬಾಯಿಗೆ ಹೋದದ್ದನ್ನೆಲ್ಲ ಬರೀರಿ” ಎಂದರು, ಅಷ್ಟೇ. ದೀಪಾವಳಿಯ ದಿನ ಅಂಗಡಿಯಲ್ಲಿ ಹೊಸ ಕಿರ್ದಿ ಪುಸ್ತಕಕ್ಕೆ ಪೂಜೆಯಾಯಿತು. ಸಾಹುಕಾರರು ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಪುಸ್ತಕ ಇಟ್ಟು ಅದಕ್ಕೂ ಕುಂಕುಮ ಹಚ್ಚಿದರು. ಅಂಗಡಿ ಕಿರ್ದಿ ಒಂದು, ಬಾಯಿ ಕಿರ್ದಿ ಇನ್ನೊಂದು.

ವಾರ ಮುಗಿಯುವಷ್ಟರಲ್ಲಿ ಕಳ್ಳ ಸಿಕ್ಕಿಬಿದ್ದ. ಚಹಾ ದಿನಕ್ಕೆ ಹನ್ನೆರಡು ಲೋಟ. ಲೋಟಕ್ಕೆ ಎರಡು ಚಮಚ ಸಕ್ಕರೆ ಹಿಡಿದರೆ 24 ಚಮಚ. ಚಮಚಕ್ಕೆ ಐದು ಗ್ರಾಂ, ಒಟ್ಟು 120 ಗ್ರಾಂ. ಅದು 480 ಕ್ಯಾಲೊರಿ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಕಾಗದದ ಮೇಲಿನ ಲೆಕ್ಕದಲ್ಲಿ ಹದಿನಾರು ದಿನದ ಚಹಾದ ಸಕ್ಕರೆಯೇ ಒಂದು ಕೆ.ಜಿ.!

ಅಷ್ಟೇ ಅಲ್ಲ. ಬೆಲ್ಲದ ಪೆಂಟೆ ಬಂದರೆ ಸ್ಯಾಂಪಲ್ ನೋಡಬೇಕು, ಒಂದು ಚೂರು ಬಾಯಿಗೆ. ಗೋಡಂಬಿ ಡಬ್ಬ ಒಡೆದರೆ ನಾಲ್ಕು. ದ್ರಾಕ್ಷಿ ಒಂದು ಚಿಟಿಕೆ. ಸಂಜೆ ಪಕ್ಕದಂಗಡಿಯವರು ಮಂಡಕ್ಕಿ ಮೆಣಸಿನಕಾಯಿ ತರಿಸಿದರೆ “ಏ ಬರ್ರೀ ಸಾಹುಕಾರ್ರೆ, ಕೈ ಹಾಕ್ರಿ” ಎಂಬ ಮರ್ಯಾದೆ. ಎರಡು ಮುಷ್ಟಿ ಮಂಡಕ್ಕಿ, ಅರ್ಧ ಮೆಣಸಿನಕಾಯಿ. ಯಾವುದೂ ಊಟವಲ್ಲ, ಯಾವುದೂ ಲೆಕ್ಕಕ್ಕಿಲ್ಲ. ಎಲ್ಲ ಸೇರಿದರೆ ಎರಡು ಹೊತ್ತಿನ ಊಟಕ್ಕಿಂತ ಹೆಚ್ಚು!

ಇಲ್ಲೇ ಇರುವುದು ಈ ಆಪರೇಷನ್ನಿನ ಗುಟ್ಟು. ಸಣ್ಣ ಚೀಲ ತಡೆಯುವುದು ಒಂದೇ ಸಲಕ್ಕೆ ಬರುವ ಗಟ್ಟಿ ಊಟವನ್ನು. ರೊಟ್ಟಿ, ಕಾಳು, ಪನೀರ್ ಹೋದರೆ ನಿಲ್ಲುತ್ತವೆ, ತುಂಬಿತು ಅನ್ನಿಸುತ್ತದೆ. ಚಹಾ, ಬೆಲ್ಲ, ಬಿಸ್ಕತ್ತು, ಐಸ್‌ಕ್ರೀಮು ನಿಲ್ಲುವುದಿಲ್ಲ, ಜಾರುತ್ತವೆ. ಮಂಡಕ್ಕಿಯೂ ಉಗುಳಿನಲ್ಲಿ ನೆನೆದು ಇಳಿಯುತ್ತದೆ. ದೊಡ್ಡ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ!

ಇನ್ನೊಂದು ಸಂಗತಿಯನ್ನೂ ಕಿರ್ದಿಯೇ ತೋರಿಸಿತು. ಚಹಾ ಕುಡಿದು ಎರಡು ಗಂಟೆಗೆ ಸಾಹುಕಾರರಿಗೆ ಕೈ ನಡುಕ, ಬೆವರು. ಸುಸ್ತಾಯಿತೆಂದು ಮತ್ತೊಂದು ಚಹಾ. ಬೈಪಾಸ್ ಆದವರಲ್ಲಿ ಸಕ್ಕರೆ ಬೇಗ ಕರುಳಿಗೆ ಇಳಿದು, ಅದಕ್ಕೆ ಮೈಯಲ್ಲಿ ಇನ್ಸುಲಿನ್ ಜಾಸ್ತಿಯಾಗಿ, ಒಂದು ಗಂಟೆಯಿಂದ ಮೂರು ಗಂಟೆಯೊಳಗೆ ರಕ್ತದ ಸಕ್ಕರೆ ದಿಢೀರ್ ಕುಸಿಯುವುದುಂಟು. ಕುಸಿದದ್ದಕ್ಕೆ ಮತ್ತೆ ಸಿಹಿ, ಸಿಹಿಗೆ ಮತ್ತೆ ಕುಸಿತ. ಗಾಣದೆತ್ತಿನ ತಿರುಗಾಟ.

ತೂಕ ಸ್ವಲ್ಪ ವಾಪಸು ಬರುವುದು ಸಾಹುಕಾರರೊಬ್ಬರ ಕಥೆಯಲ್ಲ. ಸ್ವೀಡನ್ ದೇಶದಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಹೊರಬಂತು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ನೂರಕ್ಕೆ 32ರಷ್ಟು ತೂಕ ಇಳಿಸಿಕೊಂಡರು. ಹತ್ತು ವರ್ಷದ ಮೇಲೆ ನೋಡಿದರೆ ಇಳಿಕೆ ನೂರಕ್ಕೆ 25ರಲ್ಲಿ ನಿಂತಿತ್ತು. ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ಆಪರೇಷನ್ನು ಮಾಡಿಸಿಕೊಂಡ ಗುಂಪಿನಲ್ಲಿ ಸಾವು ಕಡಿಮೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಆದ್ದರಿಂದ ಎರಡು ಮೂರು ಕೆ.ಜಿ. ಏರಿದ ಮಾತ್ರಕ್ಕೆ ಎದೆ ಒಡೆದುಕೊಳ್ಳಬೇಕಿಲ್ಲ. ಏರುತ್ತಲೇ ಇದ್ದರೆ ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋಗಬೇಕು.

ಹರಿಹರ ಬಸ್ಸಿನ ಅಕ್ಕ

ಸಾಹುಕಾರರಿಗೆ ಸಿಕ್ಕ ಪಾಠವನ್ನು ಮೊದಲೇ ಕಲಿತವರೂ ಇದ್ದಾರೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಹೋಗುವ, ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ 41 ವರ್ಷದ ಹೆಣ್ಣುಮಗಳು 2022ರ ಜನವರಿಯಲ್ಲಿ ಸ್ಲೀವ್ ಮಾಡಿಸಿಕೊಂಡರು. ಆಗ 104 ಕೆ.ಜಿ. ಈಗ 71ರ ಆಸುಪಾಸು. ಮೂರು ವರ್ಷ ದಾಟಿದರೂ ಏರಿಲ್ಲ.

ಅವರ ಗುಟ್ಟು ಕೈಚೀಲದಲ್ಲಿದೆ. ಮೂರು ಸಣ್ಣ ಸ್ಟೀಲ್ ಡಬ್ಬಿ, ಒಂದು ನೀರಿನ ಬಾಟಲಿ, ಮಾತ್ರೆಯ ಪೆಟ್ಟಿಗೆ. ಬೆಳಿಗ್ಗೆ ಮನೆಯಲ್ಲಿ ಎರಡು ಮೊಟ್ಟೆ. ಹನ್ನೊಂದಕ್ಕೆ ಹಾಲು. ಮಧ್ಯಾಹ್ನ ಮೊದಲು ಪನೀರ್ ತುಂಡು, ಹೆಸರುಕಾಳು ಉಸಲಿ, ಕೊನೆಗೆ ಅರ್ಧ ರೊಟ್ಟಿ. ರಾತ್ರಿ ಸೋಯಾ ಪಲ್ಯ. ದಿನಕ್ಕೆ ಕಡಿಮೆಯೆಂದರೆ 60 ಗ್ರಾಂ ಪ್ರೋಟೀನ್ ಹೋಗಬೇಕು ಎಂಬುದು ಲೆಕ್ಕ. ಮೊಟ್ಟೆಗೆ ಆರರಂತೆ 12, ಒಂದು ಲೋಟ ಹಾಲಿಗೆ 6, ನೂರು ಗ್ರಾಂ ಪನೀರಿಗೆ ಸುಮಾರು 18, ಮೂವತ್ತು ಗ್ರಾಂ ಒಣ ಸೋಯಾಕ್ಕೆ 15, ಒಂದು ಬಟ್ಟಲು ಕಾಳಿಗೆ 8. ಕೂಡಿಸಿ ನೋಡಿ, ಅರವತ್ತಕ್ಕೆ ಒಂದು ಕಡಿಮೆ. “ಮೊದ್ಲು ಅನ್ನ ಉಂಡುಬಿಟ್ರೆ ಇದಕ್ಕೆಲ್ಲ ಜಾಗ ಎಲ್ಲೈತ್ರಿ?” ಎಂಬುದು ಅವರ ಪ್ರಶ್ನೆ.

ಅವರೂ ಎಡವಿದವರೇ. ಮೂರನೇ ತಿಂಗಳಲ್ಲಿ ಒಂದು ಸಂಜೆ ಬಸ್ ಸ್ಟಾಂಡಿನಲ್ಲಿ ಹಸಿವು ತಡೆಯದೆ ಚಪಾತಿ ತೆಗೆದುಕೊಂಡರು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ನಾಲ್ಕೇ ನಿಮಿಷದಲ್ಲಿ ನುಂಗಿ ಬಸ್ಸು ಹತ್ತಿದರು. ಊರು ದಾಟುವಷ್ಟರಲ್ಲಿ ಎದೆಯ ನಡುವೆ ಕಲ್ಲು ಸಿಕ್ಕಿಕೊಂಡ ಹಾಗೆ ನೋವು. ಹರಿಹರ ಬರುವ ತನಕ ಕಿಟಕಿಗೆ ಮುಖ ಹಾಕಿ ವಾಂತಿ. “ಬಸ್ಸು ಹೋದ್ರೆ ಇನ್ನೊಂದು ಬರ್ತೈತಿ. ತುತ್ತು ಸಿಕ್ಕಂಡ್ರೆ ಯಾರು ಬರ್ತಾರ?” ಅಂದಿನಿಂದ ಅವರು ಬಸ್ಸಿನಲ್ಲಿ ಊಟ ಮಾಡುವುದಿಲ್ಲ, ಬಸ್ಸಿಗಾಗಿ ಊಟ ಓಡಿಸುವುದೂ ಇಲ್ಲ. ಬಸ್ಸಿನಲ್ಲಿ ನೀರಿನ ಗುಟುಕು ಮಾತ್ರ.

ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು. “ಬಾಚಣಿಗಿ ನೋಡಿದ್ರೆ ಅಳು ಬರ್ತಿತ್ತು.” ತೂಕ ಬೇಗ ಇಳಿದವರಿಗೆ ಮೂರರಿಂದ ಆರು ತಿಂಗಳೊಳಗೆ ಹೀಗಾಗುವುದುಂಟು, ಪ್ರೋಟೀನ್, ಕಬ್ಬಿಣದಂಶ ಸರಿಯಿದ್ದರೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಅವರಿಗೂ ಬಂತು. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ಪರಸ್ಪರ ಆಗಿಬರುವುದಿಲ್ಲ, ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಯ ಜೊತೆ ಚಹಾ ಕುಡಿದರೆ ಮಾತ್ರೆ ದಂಡ. ಇದಕ್ಕೆಲ್ಲ ಅವರು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾರೆ.

ಹೋಳಿಗೆಯ ಸಂಕಟ

ಮನೆಯಲ್ಲಿ ಪಥ್ಯ ಸುಲಭ. ಮದುವೆ ಮನೆಯಲ್ಲಿ ಕಷ್ಟ. ನಮ್ಮ ಸೀಮೆಯಲ್ಲಿ ಎಲೆಯ ಮುಂದೆ ಕೂತವರಿಗೆ ಒತ್ತಾಯ ಮಾಡದಿದ್ದರೆ ಅದು ಊಟವೇ ಅಲ್ಲ. ಸಾಹುಕಾರರಿಗೆ ಆಪರೇಷನ್ನಾದ ವರ್ಷ ಬೀಗರ ಮನೆಯಲ್ಲಿ ಒಂದು ಹೋಳಿಗೆ ಬಡಿಸಿ, ತುಪ್ಪ ಹಾಕಿ, ಮೇಲೊಂದು ಬಟ್ಟಲು ಹಾಲು ಸಕ್ಕರೆ. “ನಮ್ಮನಿ ಹೋಳಿಗಿ ಬ್ಯಾಡಂದ್ರೆ ನಮ್ಮನ್ನೇ ಬ್ಯಾಡಂದಂಗ” ಎಂದರು. ತಿಂದರು. ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ತಣ್ಣನೆ ಬೆವರು, ಹೊಟ್ಟೆ ನುಲಿತ, ಭೇದಿ. ಬೀಗರ ಮನೆಯ ಮಂಚದ ಮೇಲೆ ಮಧ್ಯಾಹ್ನವೆಲ್ಲ ಮಲಗಿದರು. ಸಿಹಿ ಸರ್ರನೆ ಕರುಳಿಗೆ ಇಳಿದಾಗ ಆಗುವ ಇದನ್ನು ಡಾಕ್ಟರುಗಳು ಡಂಪಿಂಗ್ ಎನ್ನುತ್ತಾರೆ.

ಈಗ ಸಾಹುಕಾರರು ಮುಚ್ಚಿಡುವುದಿಲ್ಲ. “ಹೊಟ್ಟಿ ಆಪರೇಷನ್ ಆಗೈತ್ರೀ, ಒಂದು ಚೂರು ಪ್ರಸಾದ ಸಾಕು” ಎಂದು ಮೊದಲೇ ಹೇಳುತ್ತಾರೆ. ಆಶ್ಚರ್ಯವೆಂದರೆ ಯಾರೂ ನಗಲಿಲ್ಲ. ಬದಲಿಗೆ ಪೇಟೆಯ ಮೂವರು ಗುಟ್ಟಾಗಿ ಬಂದು “ನಮಗೂ ಮಾಡ್ತಾರೇನ್ರಿ?” ಎಂದು ಕೇಳಿದ್ದಾರೆ!

ಕೇಳುವವರು ತಿಳಿದಿರಬೇಕಾದದ್ದು

ಆಪರೇಷನ್ನು ಯಾರಿಗೆ ಎಂಬುದಕ್ಕೆ ಅಳತೆಯಿದೆ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿ.ಎಂ.ಐ. ಸಾಹುಕಾರರದ್ದು ಆಗ 45 ದಾಟಿತ್ತು. 1991ರ ಅಮೆರಿಕದ ನಿಯಮದಂತೆ 40 ದಾಟಿರಬೇಕಿತ್ತು, ಇಲ್ಲವೇ 35 ದಾಟಿ ಜೊತೆಗೆ ಕಾಯಿಲೆಯಿರಬೇಕಿತ್ತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಇದನ್ನು ಸಡಿಲಿಸಿದವು: 35 ಇದ್ದರೆ ಸಾಕು, ಸಕ್ಕರೆ ಕಾಯಿಲೆಯಿದ್ದರೆ 30ರಿಂದ. ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು. ಯೋಚಿಸಬಹುದು ಎಂದರೆ ಮಾಡಿಸಲೇಬೇಕು ಎಂದಲ್ಲ.

ಇನ್ಶೂರೆನ್ಸ್ ವಿಚಾರದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. 18 ತುಂಬಿರಬೇಕು, ಡಾಕ್ಟರ ಸಲಹೆಯಿರಬೇಕು, ಬಿ.ಎಂ.ಐ. 40 ಇರಬೇಕು, ಇಲ್ಲವೇ 35 ಇದ್ದು ಹೃದಯದ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇರಬೇಕು. ಪಾಲಿಸಿಯಲ್ಲಿ ಎಷ್ಟು ವರ್ಷ ಕಾಯಬೇಕೆಂದಿದೆ ಎಂಬುದನ್ನು ಆಪರೇಷನ್ನಿಗೆ ಮೊದಲೇ ಓದಿಕೊಳ್ಳಬೇಕು, ಆಮೇಲಲ್ಲ.

ಮಾಡಿಸಿಕೊಂಡವರು ಮೆಡಿಕಲ್ ಶಾಪಿನಲ್ಲಿ ಸಿಕ್ಕ ಸಿಕ್ಕ ನೋವಿನ ಮಾತ್ರೆ ನುಂಗಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ ಸಿಗರೇಟಿನದೂ ಅದೇ ಕಥೆ. ಹೆಂಡ ಮೊದಲಿಗಿಂತ ಬೇಗ ತಲೆಗೇರುತ್ತದೆ, ಚಟವೂ ಬೇಗ ಹತ್ತುತ್ತದೆ. ತಿನ್ನುವ ಚಪಲ ಹೋಗಿ ಕುಡಿಯುವ ಚಪಲ ಬಂದರೆ ಏನು ಬಂತು? ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಬಿ-1 ವಿಟಮಿನ್ ಇಳಿದರೆ ಮೆದುಳಿಗೇ ಕುತ್ತು. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು. ಹೆಣ್ಣುಮಕ್ಕಳು ಒಂದು ವರ್ಷದಿಂದ ಒಂದೂವರೆ ವರ್ಷದ ತನಕ ಬಸಿರನ್ನು ಮುಂದೂಡಬೇಕು. ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮತ್ತು ವರ್ಷ ವರ್ಷ ರಕ್ತ ಪರೀಕ್ಷೆ, ಇವು ಬದುಕಿರುವ ತನಕ.

ಇನ್ನು ಇಂಜೆಕ್ಷನ್ ಮಾತು. ತೂಕ ಇಳಿಸುವ ತಿರ್ಜೆಪಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ದೇಶದ ಪೇಟೆಗೂ ಬಂದವು. ಕೆಲಸ ಮಾಡುತ್ತವೆ, ಹೌದು. ಆದರೆ ನಿಲ್ಲಿಸಿದ ಮೇಲೆ ಹೋದ ತೂಕದ ಹೆಚ್ಚು ಪಾಲು ಬಹಳ ಮಂದಿಗೆ ಮರಳಿ ಬರುತ್ತದೆ. ಕತ್ತರಿಯಾಗಲಿ ಸೂಜಿಯಾಗಲಿ, ಬಾಯಿಯ ಲೆಕ್ಕ ತಪ್ಪಿದ್ದಲ್ಲ.

ಮಗನ ಪ್ರಶ್ನೆ

ಬಾಯಿ ಕಿರ್ದಿ ಶುರುವಾದ ಮೇಲೆ ಸಾಹುಕಾರರು ಚಹಾವನ್ನು ಎರಡಕ್ಕೆ ಇಳಿಸಿದರು, ಅದೂ ಸಕ್ಕರೆಯಿಲ್ಲದ್ದು, ಮನೆಯಲ್ಲೇ. ಬೆಲ್ಲದ ಸ್ಯಾಂಪಲ್ ನೋಡುವ ಕೆಲಸ ಗುಮಾಸ್ತನಿಗೆ ಹೋಯಿತು. ಸಂಜೆ ಮಂಡಕ್ಕಿಯ ಹೊತ್ತಿಗೆ ಅರ್ಧ ಗಂಟೆ ನಡಿಗೆ. 95 ಇದ್ದದ್ದು 2025ರ ಯುಗಾದಿಗೆ 88ಕ್ಕೆ ಬಂತು. 82ಕ್ಕೆ ಇಳಿಯುತ್ತದೋ ಇಲ್ಲವೋ, ಅವರಿಗೆ ಚಿಂತೆಯಿಲ್ಲ. ಸಕ್ಕರೆ ಮತ್ತೆ ಹತೋಟಿಯಲ್ಲಿದೆ.

ಈಗಿನ ಚಿಂತೆ ಬೇರೆ. ಇಪ್ಪತ್ತು ವರ್ಷದ ಮಗ ಕಾಲೇಜು ಮುಗಿಸಿ ಸಂಜೆ ಗಲ್ಲಾದ ಮೇಲೆ ಕೂರುತ್ತಾನೆ. ತೂಕ 112 ಕೆ.ಜಿ. ಒಂದು ರಾತ್ರಿ ಕೇಳಿಯೇಬಿಟ್ಟ: “ಅಪ್ಪಾಜಿ, ನನಗೂ ಮಾಡಿಸಿಬಿಡ್ರಿ. ಒಂದೇ ಸಲಕ್ಕೆ ಮುಗದು ಹೋಗ್ತೈತಿ.”

ಸಾಹುಕಾರರು ಬೈಯಲಿಲ್ಲ. “ಡಾಕ್ಟ್ರು ಬೇಕಂದ್ರೆ ಮಾಡಿಸೋಣ, ದುಡ್ಡಿಗೆ ಹಿಂದೆ ಮುಂದೆ ನೋಡಾಂಗಿಲ್ಲ. ಆದ್ರ ಒಂದೇ ಸಲಕ್ಕೆ ಮುಗಿಯಾಂಗಿಲ್ಲ, ಅವತ್ತು ಶುರುವಾಗ್ತೈತಿ. ಮೊದ್ಲು ಮೂರು ತಿಂಗಳು ಇದನ್ನ ಬರಿ” ಎಂದು ಒಂದು ಹೊಸ ಪುಸ್ತಕ ಕೈಗೆ ಕೊಟ್ಟರು.

ಮೊದಲ ದಿನ ಮಗ ಬರೆದದ್ದು ಎರಡೇ ಸಾಲು: ಇಡ್ಲಿ ಎರಡು, ರೊಟ್ಟಿ ಎರಡು. ಮೂವತ್ತು ವರ್ಷ ಲೆಕ್ಕ ಬರೆದ ಕಣ್ಣಿಗೆ ಕಳ್ಳ ಕಿರ್ದಿ ಗೊತ್ತಾಗದೆ ಇರುತ್ತದೆಯೇ? “ಸೇಲ್ಸ್ ಟ್ಯಾಕ್ಸಿನವರಿಗೆ ತೋರಿಸಾಕಲ್ಲಪ್ಪ ಇದು” ಎಂದಷ್ಟೇ ಹೇಳಿ ಪುಸ್ತಕ ವಾಪಸು ಕೊಟ್ಟರು.

ಮಾರನೇ ದಿನದ ಪುಟ ತುಂಬಿ ಅಂಚಿಗೆ ಬಂದಿತ್ತು. ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ: ರಾತ್ರಿ ಹತ್ತೂವರೆ, ಬೆಣ್ಣೆದೋಸೆ ಪಾರ್ಸೆಲ್, ಮೂರು.

ಸಾಹುಕಾರರು ಅದನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದರು.